ಬಲಗಡೆಯ ಅರ್ಧ

ಶುಕ್ರವಾರದ ಮೊದಲ ಆಟದಲ್ಲಿ ನಮ್ಮ ಊರಿನವರು ಕಡಲೆಕಾಯಿ ತಿನ್ನುವುದಿಲ್ಲ. ಸಿಪ್ಪೆ ಸುಲಿಯಲು ತಲೆ ತಗ್ಗಿಸಿದ ಆ ಒಂದು ಗಳಿಗೆಯಲ್ಲಿ ನಾಯಕಿಯ ವಾಚು ಎಡಗೈಯಿಂದ ಬಲಗೈಗೆ ಹೋಗಿಬಿಟ್ಟರೆ, ಅದು ಯಾರ ಕಣ್ಣಿಗೂ ಬೀಳದಿದ್ದರೆ, ಶನಿವಾರ ಬೆಳಗ್ಗೆ ಊರಿನ ಅಷ್ಟೂ ವಾಚುಗಳು ಕೈ ಬದಲಿಸಿರುತ್ತವೆ. ವಾಚಾದರೆ ಹೇಗೋ ಸಹಿಸಬಹುದು. ನಾನು ಚಿಕ್ಕವಳಾಗಿದ್ದಾಗ ಒಂದು ಚಿತ್ರದಲ್ಲಿ ನಾಯಕ ಉರಿಬಿಸಿಲಿನಲ್ಲಿ ನಿಂತು ಬಾಗಿಲು ತಟ್ಟಿದ. ಅವನು ಹೊಸಿಲು ದಾಟುವಷ್ಟರಲ್ಲಿ ಕಿಟಕಿಯಲ್ಲಿ ಚಂದ್ರನಿದ್ದ. ಯಾರೂ ಕೂಗಲಿಲ್ಲ. ಆ ವಾರವೆಲ್ಲ ನಮ್ಮ ಮನೆಗಳ ಒಳಗೆ ಕತ್ತಲೆ, ಹೊರಗೆ ಬಿಸಿಲು. ನಮ್ಮಮ್ಮ ಅಂಗಳದಲ್ಲಿ ಒಲೆ ಹೂಡಿ ಅಡುಗೆ ಮಾಡಿದರು.

ಆದ್ದರಿಂದಲೇ ನಮ್ಮಲ್ಲಿ ತಪ್ಪು ಕೂಗುವವರು ಎಂದು ಇಬ್ಬರಿರುತ್ತಾರೆ. ಟಾಕೀಸಿನ ತೆರೆಯ ನಟ್ಟನಡುವೆ ಮೇಲಿಂದ ಕೆಳಗೆ ಒಂದು ಕಪ್ಪು ದಾರ ಇಳಿಬಿಟ್ಟಿದೆ. ದಾರದ ಬಲಗಡೆಯ ಅರ್ಧ ಒಬ್ಬರದು, ಎಡಗಡೆಯದು ಇನ್ನೊಬ್ಬರದು. ಒಬ್ಬರೇ ಇಡೀ ತೆರೆಯನ್ನು ನೋಡಿದರೆ ಕಣ್ಣು ಕಥೆಯ ಬೆನ್ನು ಹತ್ತುತ್ತದೆ. ಕಥೆಯ ಬೆನ್ನು ಹತ್ತಿದ ಕಣ್ಣಿಗೆ ಅಂಗಿಯ ಗುಂಡಿ ಕಾಣುವುದಿಲ್ಲ. ಅವರವರ ಅರ್ಧದ ತಪ್ಪನ್ನು ಅವರವರೇ ಎದ್ದು ನಿಂತು ಕೂಗಬೇಕು. ಕೂಗಿದರೆ ಸಾಲದು, ಅದೇ ತಪ್ಪನ್ನು ತೆರೆಯ ಮೇಲೆ ನೋಡಿದ ಮತ್ತೊಬ್ಬರು “ಕಂಡೆ” ಎನ್ನಬೇಕು. ಅಷ್ಟು ಹೇಳಿದರೆ ಆ ತಪ್ಪು ಅಲ್ಲಿಗೆ ಕಳೆಯಿತು. ಯಾರೂ ಅನ್ನದಿದ್ದರೆ ಕೂಗು ಉತ್ತರಕ್ಕಾಗಿ ಕಾಯುತ್ತಾ ಇರುತ್ತದೆ, ತಪ್ಪು ಊರಿನಲ್ಲೇ ಉಳಿಯುತ್ತದೆ, ಚಿತ್ರ ಬದಲಾಗುವವರೆಗೆ. ಒಮ್ಮೆ ಸೊಪ್ಪು ಮಾರುವ ಹೆಂಗಸೊಬ್ಬಳು ಬುಧವಾರ ಸಂತೆಯ ನಡುವೆ ಥಟ್ಟನೆ ನೆನಪಾಗಿ “ಅಯ್ಯೋ, ಕಂಡೆ ಕಣ್ರಪ್ಪೋ” ಎಂದಳು; ಅಲ್ಲಿಯವರೆಗೆ ತಾವಾಗಿಯೇ ತುಂಬಿಕೊಳ್ಳುತ್ತಿದ್ದ ಕಾಫಿ ಲೋಟಗಳು ಆ ಕ್ಷಣವೇ ನಿಂತವು.

ಲೋಟಗಳು ತುಂಬಿಕೊಂಡರೆ ನಷ್ಟವೇನು ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅಂಥವರಿಗೆ ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದುದನ್ನೇ ಹೇಳುತ್ತೇನೆ. ಚಿತ್ರಗಳಲ್ಲಿ ಎರಡು ಬಗೆ: ಹಾರಿದ್ದು, ಜಾರಿದ್ದು. ನಾಯಕ ಸೇತುವೆಯಿಂದ ಧುಮುಕಿ ಓಡುವ ರೈಲಿನ ಮೇಲೆ ನೆಟ್ಟಗೆ ನಿಲ್ಲುವುದು, ಒಂದೇ ಗುದ್ದಿಗೆ ಹದಿನಾರು ಜನ ಬೀಳುವುದು, ಗುಂಡು ತಗುಲಿದವನು ಪೂರ್ತಿ ಒಂದು ಹಾಡು ಹೇಳಿ ಸಾಯುವುದು, ಇವೆಲ್ಲ ಹಾರಿದ್ದು. ಗೊತ್ತಿದ್ದೂ ಹೇಳಿದ ಸುಳ್ಳು. ಅದರಿಂದ ನಮ್ಮ ಊರಿಗೆ ಇಂದಿನವರೆಗೂ ತೊಂದರೆಯಾಗಿಲ್ಲ. ಆದರೆ ಕಣ್ಣೀರಿಡುವ ತಾಯಿಯ ಸೆರಗು ಒಂದು ಮಾತಿನಲ್ಲಿ ಹರಿದಿದ್ದು ಮರುಮಾತಿನಲ್ಲಿ ಸರಿಯಾಗಿದ್ದರೆ ಅದು ಜಾರಿದ್ದು. ಚಿತ್ರ ತೆಗೆಯುವಾಗ ಅಲ್ಲಿ ನಿಂತಿದ್ದ ಅಷ್ಟು ಜನರಲ್ಲಿ ಒಬ್ಬರೂ ಆ ತಾಯಿಯನ್ನು ಸರಿಯಾಗಿ ನೋಡಲಿಲ್ಲ ಎಂದು ಅದರ ಅರ್ಥ. ಅಷ್ಟು ದೀಪ ಹಚ್ಚಿ, ಅಷ್ಟು ಜನರನ್ನು ಕೂಡಿಸಿ, ಅಳುವವಳ ಸೆರಗನ್ನು ನೋಡದವರ ಅಲಕ್ಷ್ಯವನ್ನು ಯಾವ ಊರಾದರೂ ಏಕೆ ಕ್ಷಮಿಸಬೇಕು?

ಬಲಗಡೆಯ ಅರ್ಧ ನನ್ನದು. ಎಡಗಡೆಯದು ನಮ್ಮ ಯಜಮಾನರದಾಗಿತ್ತು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ, ಅವರು ಗಂಡುಮಕ್ಕಳ ಶಾಲೆಯಲ್ಲಿ ಲೆಕ್ಕ. ಮದುವೆಯಾದ ವರ್ಷವೇ ಈ ಕೆಲಸ ನಮಗೆ ಬಂತು. ಅಂದಿನಿಂದ ಪ್ರತಿ ಶುಕ್ರವಾರ ಅಕ್ಕಪಕ್ಕದಲ್ಲಿ ಕುಳಿತೆವು. ಒಮ್ಮೆಯೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅವರು ಕೂಗುವಾಗ ಮುಖ ಹೇಗಾಗುತ್ತಿತ್ತೆಂದು ಊರಿಗೆಲ್ಲ ಗೊತ್ತು, ನನಗೆ ಗೊತ್ತಿಲ್ಲ. ಮನೆಗೆ ಬಂದು ಊಟಕ್ಕೆ ಕುಳಿತಾಗ ಅವರ ಅರ್ಧದಲ್ಲಿ ನಡೆದದ್ದನ್ನು ಅವರು ಹೇಳುವರು, ನನ್ನ ಅರ್ಧದ್ದನ್ನು ನಾನು. “ನಿನ್ನ ಕಡೆ ಅವಳು ಯಾಕೆ ಅಳ್ತಿದ್ಲು?” ಎಂದು ಕೇಳುವರು. “ನಿಮ್ಮ ಕಡೆಯಿಂದ ಯಾರೋ ಕಪಾಳಕ್ಕೆ ಹೊಡೆದರಲ್ಲ, ಅದಕ್ಕೆ,” ಎನ್ನುವೆನು. ಹುಳಿಯನ್ನ ಮುಗಿದು ಮಜ್ಜಿಗೆಗೆ ಬರುವಷ್ಟರಲ್ಲಿ ಚಿತ್ರ ಪೂರ್ತಿಯಾಗುತ್ತಿತ್ತು.

ಅವರು ಹೋಗಿ ಎರಡು ವರ್ಷವಾಯಿತು. ಎರಡು ವರ್ಷಗಳಿಂದ ನಾನು ಅರ್ಧ ಚಿತ್ರಗಳನ್ನು ಮಾತ್ರ ನೋಡುತ್ತಿದ್ದೇನೆ. ಯಾರದೋ ಕೈ ದಾರದ ಆಚೆಯಿಂದ ಚಾಚಿ ಬರುತ್ತದೆ. ಯಾರ ಕೈ ಎಂದು ತಿಳಿಯುವುದಿಲ್ಲ. ಕೇಳುವುದಕ್ಕೆ ಎದುರಿಗೆ ಎಲೆಯಿಲ್ಲ.

ಅವರ ಜಾಗಕ್ಕೆ ನಾನೇ ಆರಿಸಿದವಳು ಪುಟ್ಟತಾಯಿ. ನನ್ನ ಶಿಷ್ಯೆ, ಬಸ್ ಸ್ಟ್ಯಾಂಡಿನ ಹಿಂದೆ ಬಟ್ಟೆ ಹೊಲಿಯುತ್ತಾಳೆ. ಹೊಲಿಗೆಯವಳ ಕಣ್ಣು ದಾರದಷ್ಟು ಸಣ್ಣದನ್ನೂ ಬಿಡುವುದಿಲ್ಲ. ಮೊದಲ ವಾರವೇ ಅವಳು ಎದ್ದು, “ತಪ್ಪು! ಪೊಲೀಸಿನೋನ ಎಡ ಜೇಬಿಗೆ ಈಗ ಮುಚ್ಚಳ ಇಲ್ಲ!” ಎಂದು ಕೂಗಿದಾಗ ಟಾಕೀಸಿಗೆ ಟಾಕೀಸೇ ಚಪ್ಪಾಳೆ ತಟ್ಟಿತು. ಅವಳ ಗಂಡ ಮರಿಸ್ವಾಮಿ ಜ್ವರ ಬಂದು ತೀರಿಕೊಂಡು ನಾಲ್ಕೈದು ವರ್ಷವಾಗಿತ್ತು. ತಂದೆತಾಯಿ ಮೊದಲೇ ಇರಲಿಲ್ಲ. ಈಗ ಬಸ್ ಕಂಡಕ್ಟರ್ ಸಿದ್ದಲಿಂಗು ಅವಳನ್ನು ಮದುವೆಯಾಗುತ್ತೇನೆಂದು ಮುಂದೆ ಬಂದಿದ್ದ, ಸೋಮವಾರಕ್ಕೆ ಮುಹೂರ್ತವಾಗಿತ್ತು. ನನಗೆ ಅದಕ್ಕಿಂತ ಸಂತೋಷದ ಸುದ್ದಿ ಆ ವರ್ಷ ಬಂದಿರಲಿಲ್ಲ.

ಅದೇ ವಾರ ಆ ಚಿತ್ರ ಬಂತು. ಗುರುವಾರ ಬೆಳಗ್ಗೆ ರೀಲಿನ ಡಬ್ಬಿಗಳನ್ನು ಇಳಿಸಿದ ಮನುಷ್ಯ, ಹಿಂದಿನ ಊರಿನಲ್ಲಿ ತಾನು ನೋಡಿದ್ದನ್ನು ಹೋಟೆಲಿನಲ್ಲಿ ನಗುತ್ತಾ ಹೇಳಿದನಂತೆ. ಚಿತ್ರದ ಮೊದಲಲ್ಲೇ ಮನೆಯ ಹಿರಿಯಜ್ಜ ಸಾಯುತ್ತಾನೆ; ಚಟ್ಟ ಕಟ್ಟುತ್ತಾರೆ, ಬೆಂಕಿ ಇಡುತ್ತಾರೆ, ಮೊಮ್ಮಗ ತಲೆ ಬೋಳಿಸಿಕೊಳ್ಳುತ್ತಾನೆ. ಕೊನೆಯಲ್ಲಿ ಮದುವೆ. ಆ ಮದುವೆಯ ಗುಂಪಿನ ಕಟ್ಟಕಡೆಯ ಸಾಲಿನಲ್ಲಿ, ಕಂಬಕ್ಕೆ ಕೈ ಕೊಟ್ಟುಕೊಂಡು, ಅದೇ ಅಜ್ಜ ನಿಂತಿದ್ದಾನೆ! ಮದುವೆಯನ್ನು ಮೊದಲು ತೆಗೆದು ಸಾವನ್ನು ಆಮೇಲೆ ತೆಗೆದ ಪುಣ್ಯಾತ್ಮರಿಗೆ, ಯಾರನ್ನು ಸುಟ್ಟೆವು ಎಂಬುದೂ ನೆನಪಿರಲಿಲ್ಲ.

ಅರ್ಧ ಗಂಟೆಯಲ್ಲಿ ಊರಿಗೆಲ್ಲ ಗೊತ್ತಾಯಿತು. ಅಜ್ಜ ನಿಂತಿರುವುದು ಬಲಗಡೆ ಎಂಬುದೂ ಗೊತ್ತಾಯಿತು. ನಾನು ಮಧ್ಯಾಹ್ನದ ಊಟಕ್ಕೆ ಏಳುವ ಮೊದಲೇ ಹೋಟೆಲಿನ ರಂಗಪ್ಪ ಹತ್ತಾರು ಜನರನ್ನು ಕಟ್ಟಿಕೊಂಡು ನಮ್ಮ ಜಗಲಿಗೆ ಬಂದ.

“ಟೀಚರಮ್ಮ, ಒಂದೇ ವಾರ. ಆಮೇಲೆ ಚಿತ್ರ ಬದಲಾಗೋಗುತ್ತೆ. ನಮ್ಮವ್ವನ್ನ ಒಂದ್ಸಲ ಕಣ್ತುಂಬ ನೋಡ್ಕೊಂಬಿಡ್ತೀನಿ,” ಎಂದ.

“ನಿಮ್ಮವ್ವ ಬದುಕಿದ್ದಾಗ ಹೋಟೆಲಿನ ಹಿಂದಿನ ಕೋಣೆಯಲ್ಲಿ ಮಲಗಿಸಿದ್ದೆಯಲ್ಲ ರಂಗಪ್ಪ, ಆಗ ಕಣ್ಣು ತುಂಬಲಿಲ್ಲವೋ?” ಎಂದೆ.

“ಅದಕ್ಕೇ ತಾಯಿ ಬೇಕಾಗಿರೋದು! ಚೆನ್ನಾಗಿ ನೋಡ್ಕೊಂಡಿದ್ರೆ ನಿಮ್ಮ ಮನೆ ಬಾಗ್ಲಿಗೆ ಯಾಕೆ ಬರ್ತಿದ್ದೆ?”

ಅವನ ದುಃಖ ನಿಜವೇ ಆಗಿತ್ತು. ಆದರೆ ದುಃಖ ನಿಜವೆಂದು ಸುಳ್ಳಿಗೆ ಬಾಗಿಲು ತೆರೆದಿಡುವುದೇ? ಇಂದು ನಿಮಗೆ ಬೇಕಾದ ತಪ್ಪನ್ನು ಬಿಡಿ ಎನ್ನುವಿರಿ, ನಾಳೆ ಬೇರೊಬ್ಬರಿಗೆ ಬೇಕಾದದ್ದನ್ನು. ಕಣ್ಣಿಗೆ ಜಾತಿ ಭೇದ ಕಲಿಸಿದಂತೆ ತಪ್ಪು ಭೇದವನ್ನೂ ಕಲಿಸಿದರೆ ಕಣ್ಣಿದ್ದು ಏನು ಪ್ರಯೋಜನ, ಎಂದು ಅವರಿಗೆಲ್ಲ ಗಟ್ಟಿಯಾಗಿಯೇ ಹೇಳಿದೆ. ರಂಗಪ್ಪ ಜಗಲಿಯಿಂದ ಇಳಿಯುತ್ತಾ, “ಮೇಷ್ಟ್ರನ್ನ ನೋಡೋ ಆಸೆ ನಿಮಗಿಲ್ವಾ ಟೀಚರಮ್ಮ? ಕಲ್ಲು ಕಣ್ರೀ ನೀವು,” ಎಂದ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಊಟ ಮಾಡಲಾಗಲಿಲ್ಲ.

ಸಂಜೆ ಪುಟ್ಟತಾಯಿ ಬಂದಳು. ಕೊರಳಲ್ಲಿ ಇನ್ನೂ ಅಳತೆಯ ಟೇಪು ಹಾಗೇ ಇತ್ತು.

“ಟೀಚರ್, ನೀವು ಕೂಗ್ತೀರಿ ತಾನೆ?”

“ಕೂಗದೆ?”

“ಊರೆಲ್ಲ ಬೇಡ ಅಂತಿದ್ದಾರೆ. ಸೋಮವಾರ ನನ್ನ ಮದುವೆ ಟೀಚರ್. ಮದುವೆ ಅಂದ್ಮೇಲೆ ಜನ ಸೇರ್ತಾರೆ. ಜನ ಸೇರಿದ್ಮೇಲೆ ಹಿಂದುಗಡೆ ನಮ್ಮನೆಯೋರು ಬಂದು ನಿಂತ್ಕೊಂಡ್ರೆ? ಇವರು ನೋಡ್ತಾ ಇರುವಾಗ ನಾನು ಇನ್ನೊಬ್ಬರ ಮುಂದೆ ಹೆಂಗೆ ಕತ್ತು ಬಗ್ಗಿಸ್ಲಿ?”

ಒಂದು ಊರಿಗೆ ಊರೇ ತನ್ನ ಸತ್ತವರಿಗಾಗಿ ಬಾಯಿ ಮುಚ್ಚಿಕೊಳ್ಳಲು ಸಿದ್ಧವಾಗಿರುವಾಗ ಬದುಕಿರುವ ಈ ಒಬ್ಬಳ ಬಗ್ಗೆ ಯಾರು ಯೋಚಿಸಬೇಕು? ಸಿದ್ಧಾಂತ ಎಂದು ನಾನು ಇಷ್ಟು ಹೊತ್ತು ಜಗಲಿಯಲ್ಲಿ ಬಡಿದುಕೊಂಡದ್ದಕ್ಕೆ ಈಗ ಒಂದು ಮುಖ ಸಿಕ್ಕಿತು. “ಕೂಗುವುದು ನನ್ನ ಕೆಲಸ,” ಎಂದೆ. “ಆದರೆ ನಾಳೆ ಆ ಟಾಕೀಸಿನಲ್ಲಿ ‘ಕಂಡೆ’ ಎನ್ನುವವಳು ನೀನೊಬ್ಬಳೇ. ಮದುವೆಯ ದೃಶ್ಯ ಬಂದ ಕೂಡಲೇ ನಿನ್ನ ಅರ್ಧವನ್ನು ಬಿಟ್ಟು ನನ್ನ ಅರ್ಧವನ್ನು ನೋಡು. ನಾನು ಕೂಗಿದ ತಕ್ಷಣ ಹೇಳು.”

“ಹೇಳ್ತೀನಿ ಟೀಚರ್. ಸತ್ಯವಾಗ್ಲೂ ಹೇಳ್ತೀನಿ.”

ಅವಳು ಹೋದ ಮೇಲೆ ನನಗೆ ಹೊಳೆಯಿತು: ಅವಳು ತನ್ನ ಗಂಡನನ್ನು ತಡೆಯಲು ಕೇಳಿದ್ದಳು, ನಾನು ಒಪ್ಪಿಕೊಂಡದ್ದು ನನ್ನವರನ್ನು ತಡೆಯುವುದಕ್ಕೆ ಕೂಡ. ಮರುದಿನ ಅವರ ಒಗೆದಿಟ್ಟ ಪಂಚೆಯಂತೆ ಮನಸ್ಸನ್ನು ನೆರಿಗೆಯಿಲ್ಲದೆ ಮಡಚಿಕೊಂಡು ಟಾಕೀಸಿಗೆ ಹೋದೆ.

ಅಂದು ನೆಲದ ಮೇಲೂ ಜಾಗವಿರಲಿಲ್ಲ. ಚಿತ್ರ ನಡೆಯಿತು. ಅಜ್ಜ ಸತ್ತ, ಹೆಂಗಸರು ಅತ್ತರು. ಪುಟ್ಟತಾಯಿ ತನ್ನ ಕಡೆ ಒಂದು ಮೂಗುತಿ ಬದಲಾದದ್ದನ್ನು ಕೂಗಿದಳು, ಜನ “ಕಂಡೆ, ಕಂಡೆ” ಎಂದು ಧಾರಾಳವಾಗಿಯೇ ಉತ್ತರ ಕೊಟ್ಟರು. ಆಮೇಲೆ ಮದುವೆ ಬಂತು. ಓಲಗ, ಬಣ್ಣದ ಚಪ್ಪರ, ಎಲ್ಲರೂ ಮುಂದೆ ನೋಡುತ್ತಾ ನಿಂತ ಗುಂಪು. ಹಿಂದೆ ಕಂಬ. ಕಂಬಕ್ಕೆ ಒಂದು ಕೈ. ಕೈಯ ಹಿಂದೆ ಅಜ್ಜನ ಮುಖ. ಎಲ್ಲ ದುಃಖ ಮುಗಿಸಿ ಮದುವೆ ನೋಡಲು ಬಂದವನಂತೆ ನಿರಾಳವಾಗಿದ್ದ.

ನಾನು ಎದ್ದೆ. “ತಪ್ಪು! ಬಲಗಡೆ, ಹಿಂದಿನ ಸಾಲು. ಸತ್ತವನು ನಿಂತಿದ್ದಾನೆ!”

ಚಿತ್ರ ಅಲ್ಲೇ ನಿಂತಿತು, ದೀಪ ಹತ್ತಿತು. ಅಷ್ಟು ಜನರೂ ತೆರೆಯನ್ನು ನೋಡುತ್ತಿದ್ದರು, ಅಷ್ಟು ಜನರಿಗೂ ಕಾಣುತ್ತಿತ್ತು. ನಾನು ಪಕ್ಕಕ್ಕೆ ತಿರುಗಿದೆ. ಪುಟ್ಟತಾಯಿ ನನ್ನ ಅರ್ಧವನ್ನೇ ನೋಡುತ್ತಿದ್ದಳು. ಬಾಯಿ ತೆರೆದಿತ್ತು. ತುಟಿ ಆ ಮಾತಿನ ಆಕಾರಕ್ಕೆ ಬಂದು, ಅಲ್ಲೇ ನಿಂತು, ಮುಚ್ಚಿಕೊಂಡಿತು.

“ಹೇಳು,” ಎಂದೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ಪುಟ್ಟತಾಯಿ, ಹೇಳು!”

ಹಿಂದಿನಿಂದ ಯಾರೋ, “ಕೂತ್ಕಳಿ ಟೀಚರಮ್ಮ, ನಿಮ್ ಕೆಲಸ ಆಯ್ತಲ್ಲ,” ಎಂದರು. ದೀಪ ಆರಿತು. ಮದುವೆ ಮುಂದುವರಿಯಿತು.

ಹೊರಗೆ ಟಿಕೆಟ್ ಕೊಡುವ ಕಿಂಡಿಯ ಬಳಿ ನಾನು ಅವಳನ್ನು ಹಿಡಿದು ನಿಲ್ಲಿಸಿದೆ. ತರಗತಿಯಲ್ಲಿ ಕೂಡ ಯಾರನ್ನೂ ಅಷ್ಟು ಗದರಿದ್ದಿಲ್ಲ. “ಮಾತು ಕೊಟ್ಟು ತಪ್ಪಿದೆಯಲ್ಲ! ನಿನಗೋಸ್ಕರ ನಾನು ಅಲ್ಲಿ ಒಬ್ಬಳೇ ನಿಂತಿದ್ದೆ. ನನಗೇನು ಆಸೆಯಿಲ್ಲವೇ? ನನ್ನ ಗಂಡನನ್ನು ನಾನೇ ಬೇಡವೆಂದು ಕೂಗಿದೆ, ಗೊತ್ತೇ ನಿನಗೆ?”

“ಗೊತ್ತು ಟೀಚರ್.” ಅವಳ ಮುಖ ಒದ್ದೆಯಾಗಿತ್ತು. “ಇವರು ಹೋಗುವಾಗ ನಾನು ಆಸ್ಪತ್ರೇಲಿ ಇರ್ಲಿಲ್ಲ. ಯಾರದೋ ಮಗಳ ಮದುವೆ ರವಿಕೆ, ಸಂಜೆಗೆ ಬೇಕು ಅಂದಿದ್ರು. ಹುಕ್ಕು ಹಾಕ್ತಾ ಕೂತಿದ್ದೆ. ಹೋಗುವಷ್ಟರಲ್ಲಿ ಮುಖ ಮುಚ್ಬಿಟ್ಟಿದ್ರು. ಅಜ್ಜನ್ನ ನೋಡಿದ್ ಕೂಡ್ಲೇ... ಬಾಯಿ ಬರ್ಲಿಲ್ಲ ಟೀಚರ್.”

“ಹಾಗಾದರೆ ಮದುವೆ ಬೇಡವೇ?”

“ಬೇಕು. ಸಿದ್ದಲಿಂಗುನೂ ಬೇಕು, ಇವರನ್ನ ನೋಡೋದೂ ಬೇಕು. ಎರಡೂ ಬೇಕು.”

“ಎರಡೂ ಬೇಕು ಎನ್ನುವುದು ಎರಡನೇ ತರಗತಿಯ ಮಕ್ಕಳ ಮಾತು.”

“ಎರಡನೇ ಕ್ಲಾಸಲ್ಲಿ ನೀವೇ ಟೀಚರ್ ಆಗಿದ್ದದ್ದು,” ಎಂದು ಮೂಗೊರೆಸಿಕೊಂಡಳು. ನನಗೆ ಸಿಟ್ಟು ಇಳಿಯಲಿಲ್ಲ. ಛತ್ರಿ ಬಿಡಿಸಿಕೊಂಡು ಮನೆಗೆ ಬಂದೆ.

ಶನಿವಾರ ಬೆಳಗ್ಗೆ ರೇಷನ್ ಅಂಗಡಿಯ ಮುಂದೆ ಮೊದಲು ಕಂಡರು. ಸೀಮೆಎಣ್ಣೆಗೆ ನಿಂತ ಜನರ ಹಿಂದೆ ಇನ್ನೊಂದು ಸಾಲು, ಸದ್ದಿಲ್ಲದೆ, ಕೈಯಲ್ಲಿ ಡಬ್ಬಿಯಿಲ್ಲದೆ. ಒಬ್ಬೊಬ್ಬರೇ ನಡೆಯುವವರ ಹಿಂದೆ ಅವರು ಬರುವುದಿಲ್ಲವೆಂದು ಬೇಗನೆ ತಿಳಿಯಿತು; ಗುಂಪಿರಬೇಕು, ಗುಂಪು ಮುಂದೆ ನೋಡುತ್ತಿರಬೇಕು, ಆಗ ಹಿಂದೆ ಅವರವರ ಕಡೆಯ ಸತ್ತವರು. ಊರಿನವರು ಗುಂಪು ಕಟ್ಟಲು ನೆಪ ಹುಡುಕತೊಡಗಿದರು. ಬರದ ಬಸ್ಸಿಗೆ ಕಾದರು, ಮಾತನಾಡದ ಪುರಸಭೆ ಸದಸ್ಯನನ್ನು ನಿಲ್ಲಿಸಿ ಭಾಷಣ ಮಾಡಿಸಿದರು. ಮುಂದಿನವರು ಮೆಲ್ಲಗೆ ಕತ್ತು ಹೊರಳಿಸಿ ಹಿಂದೆ ನೋಡುವರು. ಆದರೆ ದೂರು ಒಂದೇ: ಅವರು ನಮ್ಮನ್ನು ನೋಡುವುದಿಲ್ಲ. “ನಮ್ಮವ್ವ ನನ್ನ ತಲೆ ಮೇಲಿಂದ ಎಲ್ಲೋ ಮುಂದಕ್ಕೆ ನೋಡ್ತಾಳೆ. ಅವ್ವಾ ಅಂದ್ರೂ ಕಣ್ಣು ಇಳಿಸಲ್ಲ,” ಎಂದು ರಂಗಪ್ಪ ಹೋಟೆಲಿನ ಗಲ್ಲಾದ ಮೇಲೆ ತಲೆಯಿಟ್ಟುಕೊಂಡು ಅತ್ತನೆಂದು ಕೇಳಿದೆ. ಟಾಕೀಸಿನಲ್ಲಿ ಎಲ್ಲ ಆಟಗಳೂ ತುಂಬಿದವು. ಯಾರೂ “ಕಂಡೆ” ಎನ್ನಲಿಲ್ಲ.

ನಾನು ಆದಷ್ಟು ಮನೆ ಬಿಟ್ಟು ಹೊರಡಲಿಲ್ಲ. ನಾನೇ ಕೂಗಿದ ತಪ್ಪಿನ ಸುಖವನ್ನು ನಾನೇ ಉಣ್ಣುವುದು ಯಾವ ನ್ಯಾಯ? ತರಕಾರಿಯವನ ಗಾಡಿಯ ಸುತ್ತ ಜನ ಕರಗಿದ ಮೇಲೆ ಹೋಗಿ ಉಳಿದ ಬಾಡಿದ ಬದನೆಕಾಯಿ ತಂದೆ. ಹಾಗೂ ಒಮ್ಮೆ ಬೀದಿಯ ತಿರುವಿನಲ್ಲಿ ಐದಾರು ಜನ ಸೇರಿದ್ದರು. ನಾನು ನೆಲ ನೋಡಿಕೊಂಡು ದಾಟಿದೆ. ದಾಟುವಾಗ ಪಂಚೆಯ ಅಂಚೊಂದು, ಅದರ ಕೆಳಗೆ ಎರಡು ಬರಿಗಾಲು ಕಂಡಂತಾಯಿತು. ಬಲಗಾಲಿನ ಹೆಬ್ಬೆರಳು ಸ್ವಲ್ಪ ಒಳಕ್ಕೆ ತಿರುಗಿತ್ತು. ನಾನು ತಲೆಯೆತ್ತಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿ ಬದನೆಕಾಯಿ ಹೆಚ್ಚಲು ಕುಳಿತೆ.

ಭಾನುವಾರ ಸಿದ್ದಲಿಂಗು ಬಂದ. ಖಾಕಿಯಲ್ಲೇ ಇದ್ದ. ಹಿಂದೆಯೇ ರಂಗಪ್ಪನೂ ಬಂದ. ಮದುವೆಯ ಅಡುಗೆಯ ವಹಿವಾಟು ಅವನದಾಗಿತ್ತು.

“ಟೀಚರ್, ನಾಳೆ ನೀವು ಪುಟ್ಟತಾಯಿ ಪಕ್ಕ ವೇದಿಕೆ ಮೇಲೆ ನಿಲ್ಬೇಕು. ಹಿರೀರು ಅಂತ ಅವಳಿಗಿರೋದು ನೀವೊಬ್ರೇ.”

“ಜನ ಸೇರುವ ಕಡೆಗೆ ನಾನು ಬರುವುದಿಲ್ಲವಪ್ಪ,” ಎಂದೆ. “ನಿನಗೆ ಮಾತ್ರ ಇದು ಹೇಗೆ ಒಪ್ಪಿಗೆ? ನೀನು ಡ್ಯೂಟಿಯಲ್ಲಿದ್ದೆ, ಚಿತ್ರ ನೋಡಿಲ್ಲ. ಈಗ ಹೋಗಿ ನೋಡಿ ‘ಕಂಡೆ’ ಎಂದುಬಿಡು. ಎಲ್ಲ ಮುಗಿಯುತ್ತದೆ.”

“ಅನ್ನಬಹುದಿತ್ತು ಟೀಚರ್. ಟಿಕೆಟ್ ಕೂಡ ತಗೊಂಡಿದ್ದೆ.” ಅವನು ನಕ್ಕ. “ಆಮೇಲೆ ಅನ್ನಿಸ್ತು, ಅದು ಅವಳು ಆಡಬೇಕಾದ ಮಾತು. ನಾನು ಆಡಿದ್ರೆ, ಹಿಂದೆ ನಿಂತೋರನ್ನ ಕತ್ತು ಹಿಡಿದು ಇಳಿಸ್ದಂಗೆ. ಇಷ್ಟು ವರ್ಷ ಬಸ್ಸಲ್ಲಿ ಯಾರನ್ನೂ ನಡುದಾರೀಲಿ ಇಳಿಸಿಲ್ಲ ನಾನು.”

ಆಗ ರಂಗಪ್ಪ, ನನಗೆ ಸಮಾಧಾನ ಹೇಳುವವನಂತೆ, “ಹೋಗ್ಲಿ ಬಿಡಪ್ಪ ಸಿದ್ದಲಿಂಗು, ಅದೂ ಸರಿಯೇ. ಗಂಡ ಇಲ್ದೋರು ಮದುವೆ ವೇದಿಕೆ ಹತ್ತೋದು ಅಷ್ಟು ಚೆನ್ನಾಗಿರಲ್ಲ. ಟೀಚರಮ್ಮನೂ ತಿಳಿದೋರು,” ಎಂದ.

“ನಾಳೆ ಮದುವೆ ಆಗೋಳೇ ಗಂಡ ಇಲ್ದೋಳಲ್ವಾ ರಂಗಪ್ಪಣ್ಣ? ಅವಳನ್ನೂ ಕೆಳಗೆ ಕೂರಿಸೋಣ್ವಾ?” ಎಂದ ಸಿದ್ದಲಿಂಗು.

ನಾನು ಎದ್ದು ನಿಂತಿದ್ದೆ. ಸತ್ತ ಅವ್ವನನ್ನು ನೋಡಲು ಊರಿನ ನಿಯಮವನ್ನು ಮುರಿಯಬಹುದು, ಬದುಕಿರುವ ಹೆಂಗಸು ಒಂದು ವೇದಿಕೆ ಹತ್ತಬಾರದು! ಇಂಥವರ ಬಾಯಿಂದ ಇಂಥ ಮಾತು ಹೊರಟ ಮೇಲೆ ಮನೆಯೊಳಗೆ ಕುಳಿತರೆ ನಾನು ಇಷ್ಟು ವರ್ಷ ಕಲಿಸಿದ್ದೆಲ್ಲ ನೀರುಪಾಲು. “ಎಷ್ಟು ಗಂಟೆಗೆ ಮುಹೂರ್ತ?” ಎಂದು ಕೇಳಿದೆ.

ಸೋಮವಾರ ಛತ್ರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕರೆದವರು, ಕರೆಯದವರು, ಪುಟ್ಟತಾಯಿಯ ಹೆಸರೇ ಗೊತ್ತಿಲ್ಲದವರು ಎಲ್ಲರೂ ಬಂದಿದ್ದರು. ಇದಕ್ಕಿಂತ ದೊಡ್ಡ ಗುಂಪು ಆ ವಾರದಲ್ಲಿ ಇನ್ನೆಲ್ಲಿ ಸಿಗಬೇಕು? ಅಡುಗೆಯವನು ರಂಗಪ್ಪನ ತೋಳು ಜಗ್ಗಿ, “ಹಿಂದಿನ ಸಾಲಿನೋರಿಗೂ ಎಲೆ ಹಾಕ್ಬೇಕಾ ಅಣ್ಣ? ಅನ್ನ ಎಷ್ಟಿಡ್ಲಿ?” ಎಂದು ಪಿಸುಗುಟ್ಟುತ್ತಿದ್ದ. ನಾನು ಯಾರ ಮುಖವನ್ನೂ ನೋಡದೆ, ಸೆರಗು ಹೊದ್ದು, ವೇದಿಕೆಯ ಪಕ್ಕದ ಬಾಗಿಲಿನಿಂದ ಮೆಟ್ಟಿಲು ಹತ್ತಿದೆ. ಪುಟ್ಟತಾಯಿಯ ಬಲಕ್ಕೆ ನಿಂತು ಅವಳ ಸೆರಗನ್ನು ಸರಿಮಾಡಿದೆ. ಅವಳೇ ಹೊಲಿದುಕೊಂಡ ಹಸಿರು ರವಿಕೆ. ಸಿದ್ದಲಿಂಗು ಎದುರಿಗೆ, ಕೈಯಲ್ಲಿ ತಾಳಿ ಹಿಡಿದು.

ಓಲಗ ಗಟ್ಟಿಯಾಯಿತು. ಗುಂಪು ಎದ್ದು ನಿಂತು ನಮ್ಮ ಕಡೆ ನೋಡಿತು. ಪುಟ್ಟತಾಯಿ ಕತ್ತು ಬಗ್ಗಿಸಲಿಲ್ಲ. ಅವಳ ಕಣ್ಣು ಎಲ್ಲರ ತಲೆಗಳನ್ನು ದಾಟಿ ಹಿಂದಕ್ಕೆ ಹೋಗಿತ್ತು. “ಟೀಚರ್,” ಎಂದಳು, ತುಟಿ ಅಲುಗದಂತೆ. “ನನ್ನನ್ನೇ ನೋಡ್ತಿದ್ದಾರೆ.”

ಅವರು ಯಾರನ್ನೂ ನೋಡುವುದಿಲ್ಲವೆಂದು ಊರೆಲ್ಲ ಅತ್ತಿತ್ತು. ಅವರು ನೋಡುತ್ತಿದ್ದದ್ದು ಮುಂದಕ್ಕೆ, ಗುಂಪು ಯಾವುದನ್ನು ನೋಡುತ್ತಿತ್ತೋ ಅದನ್ನು. ಗುಂಪಿನೊಳಗಿನಿಂದ ಕತ್ತು ಹೊರಳಿಸಿದವರಿಗೆ ಆ ನೋಟ ಸಿಗುವುದು ಹೇಗೆ? ನಾವಿಬ್ಬರು ವೇದಿಕೆಯ ಮೇಲಿದ್ದೆವು. ನಾನು ತಲೆಯೆತ್ತಿದೆ.

ಹಿಂದಿನ ಸಾಲು ಗೋಡೆಯಿಂದ ಗೋಡೆಗೆ ತುಂಬಿತ್ತು. ಮರಿಸ್ವಾಮಿ ಎಡಗಡೆ, ಕಿಟಕಿಯ ಬಳಿ. ಬಲಗಡೆ ಒಂದು ಕಂಬ. ಕಂಬಕ್ಕೆ ಕೈ ಕೊಟ್ಟು ನಮ್ಮ ಯಜಮಾನರು ನಿಂತಿದ್ದರು. ಕೊನೆಯ ತಿಂಗಳುಗಳಲ್ಲಿ ಇಳಿದುಹೋಗಿದ್ದ ಕೆನ್ನೆ ತುಂಬಿಕೊಂಡಿತ್ತು. ಅವರು ನನ್ನನ್ನು ನೋಡುತ್ತಿದ್ದರು. ಅಷ್ಟು ಶುಕ್ರವಾರಗಳು ಪಕ್ಕದಲ್ಲಿ ಕುಳಿತು ನಾನು ಕಾಣದ ಮುಖ ಅದು: ಹುಬ್ಬು ಸ್ವಲ್ಪ ಮೇಲೆತ್ತಿ, ತುಟಿ ಬಿಗಿಹಿಡಿದು, ಒಂದು ಎಳೆಯೂ ತಪ್ಪಿಹೋಗಬಾರದೆಂಬಂತೆ, ನೋಡುವುದೊಂದೇ ಕೆಲಸವಾದ ಮುಖ.

“ಟೀಚರ್, ಹೇಳ್ಲಾ?” ಪುಟ್ಟತಾಯಿ ಕೇಳಿದಳು. “ನಾನು ನೋಡ್ಕೊಂಡೆ. ಈಗ ಹೇಳ್ತೀನಿ. ನೀವು ಹೂಂ ಅಂದ್ರೆ ಹೇಳ್ತೀನಿ.”

ಹೇಳಬೇಕಾದದ್ದು ಅವಳ ಧರ್ಮ, ಹೇಳಿಸಬೇಕಾದದ್ದು ನನ್ನದು. ಶುಕ್ರವಾರದಿಂದ ನಾನು ಬೇಡುತ್ತಿದ್ದದ್ದೂ ಅದನ್ನೇ.

“ಸ್ವಲ್ಪ ತಡಿ,” ಎಂದೆ.

ಪುರೋಹಿತರು ಮುಹೂರ್ತ ಮೀರುತ್ತದೆಂದು ಗೊಣಗಿದರು. ಸಿದ್ದಲಿಂಗು ಅವರ ಕಡೆ ತಿರುಗಿ, “ಇರಲಿ ಸ್ವಾಮಿ, ಹತ್ತೋರು ಇಳಿಯೋರು ಇದ್ದಾರೆ, ನಿಲ್ಸೋಣ,” ಎಂದ. ಓಲಗದವರು ಉಸಿರು ಸಾಲದೆ ಒಂದೇ ಸ್ವರವನ್ನು ಎಳೆಯುತ್ತಿದ್ದರು. ನಾನು ನೋಡಿದೆ. ಅವರ ಹಣೆ, ಕಿವಿಯ ಮೇಲಿನ ಬಿಳಿಕೂದಲು, ಕಂಬದ ಮೇಲಿನ ಬೆರಳುಗಳು. ಕಂಬದ ಹಿಂದೆ ಅವರ ಎಡ ಭುಜ ಮುಚ್ಚಿಹೋಗಿತ್ತು. ಆ ಭಾಗವನ್ನು ಹೇಳುವವರು ಇನ್ನು ಯಾರೂ ಇಲ್ಲ. ಆಗ ಅವರ ಬಿಗಿದ ತುಟಿ ಸಡಿಲವಾಯಿತು. ನಕ್ಕರು. ಗುಂಪಿನಲ್ಲಿ ಸುಮ್ಮನೆ ನಿಲ್ಲಲು ಬಂದವರು ಹಾಗೆ ನಗಬಾರದು. ತೆರೆಯ ಮೇಲಿನ ಅಜ್ಜ ನಕ್ಕಿರಲಿಲ್ಲ. ಅದೂ ಒಂದು ತಪ್ಪೇ. ನಾನು ಅದನ್ನು ಕೂಗಲಿಲ್ಲ.

“ಈಗ ಹೇಳಮ್ಮ,” ಎಂದೆ.

ಪುಟ್ಟತಾಯಿ ಹೇಳಿದಳು. ಗಟ್ಟಿಯಾಗಿ ಹೇಳಲಿಲ್ಲ, ವೇದಿಕೆಯ ಮೇಲಿದ್ದವರಿಗಷ್ಟೇ ಕೇಳಿತು. ಸಭೆಯ ಹಿಂದೆ ಸುಣ್ಣದ ಗೋಡೆ ಉದ್ದಕ್ಕೂ ಖಾಲಿಯಾಗಿ ಕಂಡಿತು. ರಂಗಪ್ಪ ಎಲ್ಲೋ ಬಿಕ್ಕಿದ್ದು ಕೇಳಿಸಿತು. ಪುರೋಹಿತರು “ಗಟ್ಟಿಮೇಳ, ಗಟ್ಟಿಮೇಳ” ಎಂದು ಕೈ ಬೀಸಿದರು. ಅವಳು ಕತ್ತು ಬಗ್ಗಿಸಿದಳು. ಹೂ ಮುಡಿದ ಜಡೆ ಭಾರವಾಗಿ ಕೊರಳ ಮೇಲೆ ಬಿದ್ದಿತ್ತು. ಸಿದ್ದಲಿಂಗು ಗಂಟು ಹಾಕುವುದಕ್ಕೆ ಅನುವಾಗಲೆಂದು ನಾನು ಅದನ್ನು ಎರಡೂ ಕೈಗಳಿಂದ ಎತ್ತಿ ಹಿಡಿದೆ. ಮೂರು ಗಂಟು ಬೀಳುವವರೆಗೂ ಬಿಡುವಂತಿರಲಿಲ್ಲ. ಕಣ್ಣೊರೆಸಿಕೊಳ್ಳಲು ಕೈಯಿರಲಿಲ್ಲ.